ಶೀತ ವಲಯದ ಕೈತೋಟಕ್ಕೆ ಶರತ್ಕಾಲದ ಹೊದಿಕೆ ಬೆಳೆ: ಬದಲಾದ ನಕ್ಷೆ, ಬದಲಾಗದ ಲೆಕ್ಕ

2023ರ ನವೆಂಬರ್ ತಿಂಗಳಿನಲ್ಲಿ ಅಮೆರಿಕದ ಉತ್ತರ ಗಡಿಯ ಮಿನ್ನೆಸೋಟ ರಾಜ್ಯದ ತೋಟಗಾರರನ್ನು ನೇರವಾಗಿ ತಟ್ಟುವ ಎರಡು ಬೆಳವಣಿಗೆಗಳು ಎರಡೇ ವಾರಗಳ ಅಂತರದಲ್ಲಿ ನಡೆದವು. ತಿಂಗಳ ಆರಂಭದಲ್ಲಿ ಅಲ್ಲಿನ ಒಕ್ಕೂಟ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆಯು ರಾಜ್ಯದ ಇಲಾಖೆಗಳಿಗೆ ಪತ್ರ ಬರೆದು, ಆಗ್ನೇಯ ಭಾಗದ 8 ಕೌಂಟಿಗಳ ಕುಡಿಯುವ ನೀರಿನಲ್ಲಿರುವ ನೈಟ್ರೇಟ್ ಸಮಸ್ಯೆಯನ್ನು ಪರಿಹರಿಸಲು ಕ್ರಮ ಕೈಗೊಳ್ಳುವಂತೆ ಸೂಚಿಸಿತು. ತಿಂಗಳ ಮಧ್ಯದಲ್ಲಿ ಅಮೆರಿಕದ ಕೃಷಿ ಇಲಾಖೆಯು ಸಸ್ಯಗಳ ಶೀತಸಹಿಷ್ಣು ವಲಯಗಳ ಪರಿಷ್ಕೃತ ನಕ್ಷೆಯನ್ನು ಬಿಡುಗಡೆ ಮಾಡಿತು. ಮೊದಲನೆಯದು ನೀರಿನ ವಿಷಯ, ಎರಡನೆಯದು ಚಳಿಯ ವಿಷಯ. ಇವೆರಡೂ ಒಂದು ಪ್ರಶ್ನೆಯಲ್ಲಿ ಸಂಧಿಸುತ್ತವೆ: ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ, ಬೆಳೆಯಿಲ್ಲದ ಆ 7 ತಿಂಗಳುಗಳ ಕಾಲ, ಮಣ್ಣಿನ ಮೇಲೆ ಏನಿರಬೇಕು?

ಈ ಪ್ರಶ್ನೆಗೆ ಉತ್ತರವಾಗಿ ಶರತ್ಕಾಲದ ಹೊದಿಕೆ ಬೆಳೆಗಳನ್ನು ಶಿಫಾರಸು ಮಾಡಲಾಗುತ್ತಿದೆ. ಆದರೆ ಯಾವ ಬೆಳೆಯನ್ನು ಆರಿಸಬೇಕು ಎಂಬ ವಿಷಯದಲ್ಲಿ ಗೊಂದಲ ಕಡಿಮೆಯಾಗಿಲ್ಲ. ಹೊಸ ನಕ್ಷೆಯಲ್ಲಿ ತಮ್ಮ ಊರು ಬೆಚ್ಚಗಿನ ವಲಯಕ್ಕೆ ಸೇರಿದುದನ್ನು ಕಂಡ ಅನೇಕರು, ಇನ್ನು ಮುಂದೆ ತಡವಾಗಿ ಬಿತ್ತಿದರೂ ನಡೆದೀತು, ದಕ್ಷಿಣದ ರಾಜ್ಯಗಳ ಬೆಳೆಗಳನ್ನೂ ಹಾಕಬಹುದು ಎಂಬ ನಿರ್ಣಯಕ್ಕೆ ಬರುವ ಸಂಭವವಿದೆ. ಈ ನಿರ್ಣಯ ಎಷ್ಟು ಸರಿ ಎಂಬುದನ್ನು ಪರಿಶೀಲಿಸಿ, ಮಿನ್ನೆಸೋಟವನ್ನು ಉದಾಹರಣೆಯಾಗಿಟ್ಟುಕೊಂಡು ಆಯ್ಕೆಯ ಕ್ರಮವನ್ನು ವಿವರಿಸುವುದು ಈ ಲೇಖನದ ಉದ್ದೇಶ. ಆ ರಾಜ್ಯಗಳಲ್ಲಿ ನೆಲೆಸಿ ಮನೆಯ ಹಿತ್ತಲಿನಲ್ಲಿ ತರಕಾರಿ ಬೆಳೆಯುತ್ತಿರುವ ಕನ್ನಡಿಗರಿಗೂ, ಇಲ್ಲಿದ್ದುಕೊಂಡೇ ಮಣ್ಣಿನ ಆರೋಗ್ಯದ ಬಗ್ಗೆ ಚಿಂತಿಸುವ ರೈತರಿಗೂ ಇದು ಉಪಯುಕ್ತವಾಗಬಹುದು.

ಬರಿದಾದ ಮಣ್ಣಿನಿಂದ ಆಗುವ ನಷ್ಟ

ಸೆಪ್ಟೆಂಬರ್ ತಿಂಗಳಲ್ಲಿ ಕೊಯ್ಲು ಮುಗಿದ ಮಾತ್ರಕ್ಕೆ ಮಣ್ಣಿನ ಕೆಲಸ ನಿಲ್ಲುವುದಿಲ್ಲ. ಮಣ್ಣು ಬೆಚ್ಚಗಿರುವವರೆಗೂ ಸೂಕ್ಷ್ಮಜೀವಿಗಳು ಸಾವಯವ ಪದಾರ್ಥವನ್ನು ಕೊಳೆಸಿ ಸಾರಜನಕವನ್ನು ನೈಟ್ರೇಟ್ ರೂಪಕ್ಕೆ ತರುತ್ತಲೇ ಇರುತ್ತವೆ. ಬೇಸಿಗೆಯಲ್ಲಿ ಈ ನೈಟ್ರೇಟನ್ನು ಬೆಳೆ ಹೀರಿಕೊಳ್ಳುತ್ತದೆ. ಶರತ್ಕಾಲದಲ್ಲಿ ಅದನ್ನು ಹೀರುವ ಬೇರು ಇರುವುದಿಲ್ಲ. ಋಣ ವಿದ್ಯುದಂಶವುಳ್ಳ ನೈಟ್ರೇಟನ್ನು ಜೇಡಿಮಣ್ಣಿನ ಕಣಗಳು ಹಿಡಿದಿಟ್ಟುಕೊಳ್ಳಲಾರವು. ಆದ್ದರಿಂದ ಶರತ್ಕಾಲದ ಮಳೆ ಹಾಗೂ ವಸಂತದಲ್ಲಿ ಕರಗುವ ಹಿಮದ ನೀರಿನೊಡನೆ ಅದು ಕೆಳಕ್ಕೆ ಬಸಿದುಹೋಗುತ್ತದೆ.

ಮಿನ್ನೆಸೋಟದ ಆಗ್ನೇಯ ಭಾಗದಲ್ಲಿ ಈ ಬಸಿಯುವಿಕೆ ಇನ್ನಷ್ಟು ವೇಗವಾಗಿ ನಡೆಯುತ್ತದೆ. ಅಲ್ಲಿ ತೆಳುವಾದ ಮಣ್ಣಿನ ಕೆಳಗೆ ಬಿರುಕು ಮತ್ತು ಪೊಳ್ಳುಗಳಿಂದ ಕೂಡಿದ ಸುಣ್ಣಕಲ್ಲಿನ ಪದರವಿದೆ. ಮೇಲಿನ ನೀರು ಮಣ್ಣಿನಲ್ಲಿ ನಿಧಾನವಾಗಿ ಸೋಸಿಹೋಗುವ ಬದಲು ಈ ಬಿರುಕುಗಳ ಮೂಲಕ ಅಂತರ್ಜಲವನ್ನು ಬೇಗನೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ರೂಪದ ಸಾರಜನಕ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು ಎಂಬುದು ಅಮೆರಿಕದಲ್ಲಿ ಜಾರಿಯಲ್ಲಿರುವ ಮಿತಿ. ಹಸುಳೆಗಳ ರಕ್ತವು ಆಮ್ಲಜನಕವನ್ನು ಸಾಗಿಸುವ ಶಕ್ತಿಯನ್ನು ನೈಟ್ರೇಟ್ ಕುಂದಿಸುತ್ತದೆ ಎಂಬುದೇ ಈ ಮಿತಿಗೆ ಮೂಲ ಕಾರಣ. ಪುರಸಭೆಯ ನೀರನ್ನು ನಿಯಮಿತವಾಗಿ ಪರೀಕ್ಷಿಸಲಾಗುತ್ತದೆ. ಮನೆಯ ಸ್ವಂತ ಕೊಳವೆಬಾವಿಯ ನೀರನ್ನು ಪರೀಕ್ಷಿಸುವ ಹೊಣೆ ಮನೆಯವರದೇ ಆಗಿರುತ್ತದೆ.

ಈ ಮಾಲಿನ್ಯದ ಬಹುಪಾಲು ಮೆಕ್ಕೆಜೋಳದ ದೊಡ್ಡ ಹೊಲಗಳಿಂದಲೂ ಪಶುಗಳ ಗೊಬ್ಬರದಿಂದಲೂ ಬರುತ್ತದೆ. ಕೈತೋಟದ ಪಾಲು ಚಿಕ್ಕದು. ಆದರೂ ಕೈತೋಟವನ್ನು ಲೆಕ್ಕದಿಂದ ಬಿಡುವಂತಿಲ್ಲ. ಒಂದು ಚದರ ಮೀಟರ್ ಕೈತೋಟಕ್ಕೆ ಬೀಳುವ ಕಾಂಪೋಸ್ಟ್ ಹಾಗೂ ಗೊಬ್ಬರದ ಪ್ರಮಾಣವು ಅಷ್ಟೇ ವಿಸ್ತೀರ್ಣದ ಹೊಲಕ್ಕೆ ಬೀಳುವುದಕ್ಕಿಂತ ಎಷ್ಟೋ ಬಾರಿ ಹೆಚ್ಚಾಗಿರುತ್ತದೆ. ಹಳ್ಳಿಗಾಡಿನ ಮನೆಗಳಲ್ಲಿ ತೋಟ ಮತ್ತು ಕೊಳವೆಬಾವಿ ಒಂದೇ ಅಂಗಳದಲ್ಲಿರುತ್ತವೆ. ತಾನು ಹಾಕಿದ ಗೊಬ್ಬರದ ಶೇಷವನ್ನು ತನ್ನ ಮನೆಯವರೇ ಕುಡಿಯುವ ಪರಿಸ್ಥಿತಿ ಬಾರದಿರಲಿ ಎಂಬುದು ತೋಟಗಾರನ ಮೊದಲ ಕಾಳಜಿಯಾಗಬೇಕು.

ಪಕ್ಕದ ಅಯೋವ ರಾಜ್ಯವು ತನ್ನ ಪೋಷಕಾಂಶ ನಷ್ಟ ನಿಯಂತ್ರಣ ಯೋಜನೆಗಾಗಿ ಲಭ್ಯ ಸಂಶೋಧನೆಗಳನ್ನು ಕ್ರೋಡೀಕರಿಸಿದಾಗ, ರೈ ಹೊದಿಕೆ ಬೆಳೆಯಿಂದ ನೈಟ್ರೇಟ್ ನಷ್ಟ ಸರಾಸರಿ ಶೇ. 31ರಷ್ಟೂ ಓಟ್ಸ್‌ನಿಂದ ಶೇ. 28ರಷ್ಟೂ ಕಡಿಮೆಯಾಗುತ್ತದೆ ಎಂದು ಅಂದಾಜಿಸಲಾಯಿತು. ಇವು ಹೊಲದ ಅಂಕಿಗಳು. ಕೈತೋಟಕ್ಕೆ ಇವು ಯಥಾವತ್ತಾಗಿ ಅನ್ವಯಿಸದಿದ್ದರೂ ದಿಕ್ಕನ್ನು ತೋರಿಸುತ್ತವೆ. ಅದೇ ಅಯೋವದ ಮಧ್ಯ ಭಾಗದಲ್ಲಿ 2025ರ ಜೂನ್ ತಿಂಗಳಲ್ಲಿ ನದಿಗಳ ನೈಟ್ರೇಟ್ ಪ್ರಮಾಣ ಏರಿದ ಕಾರಣ, ಶುದ್ಧೀಕರಣ ಘಟಕಗಳ ಮೇಲಿನ ಹೊರೆಯನ್ನು ತಗ್ಗಿಸಲು ಹುಲ್ಲುಹಾಸಿಗೆ ನೀರು ಹಾಯಿಸುವುದನ್ನೇ ನಿಷೇಧಿಸಬೇಕಾಯಿತು. ಸಮಸ್ಯೆ ಹಳೆಯದಾದರೂ ಅದರ ಬಿಸಿ ಈಗ ನಗರವಾಸಿಗಳಿಗೂ ತಟ್ಟುತ್ತಿದೆ.

ನಕ್ಷೆ ಹೇಳುವುದೆಷ್ಟು?

ಪರಿಷ್ಕೃತ ನಕ್ಷೆಯನ್ನು ಕೃಷಿ ಇಲಾಖೆಯು ಆರೆಗನ್ ರಾಜ್ಯ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಸಿದ್ಧಪಡಿಸಿದೆ. 1991ರಿಂದ 2020ರವರೆಗಿನ 30 ವರ್ಷಗಳ ಹವಾಮಾನ ದಾಖಲೆಗಳನ್ನು ಇದಕ್ಕೆ ಬಳಸಲಾಗಿದೆ. 2012ರ ನಕ್ಷೆಗೆ ಮಾಹಿತಿ ಒದಗಿಸಿದ್ದ ಹವಾಮಾನ ಕೇಂದ್ರಗಳ ಸಂಖ್ಯೆ 7,983. ಈ ಬಾರಿ ಅದು 13,412. ದೇಶದ ಸುಮಾರು ಅರ್ಧ ಭಾಗ ಅರ್ಧ ವಲಯದಷ್ಟು ಬೆಚ್ಚಗಿನ ಕಡೆಗೆ ಸರಿದಿದೆ. ಅರ್ಧ ವಲಯವೆಂದರೆ ಸುಮಾರು 2.8 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ. ಮಿನ್ನೆಸೋಟದ ದಕ್ಷಿಣದ ಕೆಲವು ಭಾಗಗಳು ಈಗ 5ನೆಯ ವಲಯದ ಅಂಚಿಗೆ ಬಂದಿವೆ. ಉತ್ತರ ಭಾಗ 3ನೆಯ ವಲಯದಲ್ಲಿಯೇ ಇದೆ.

ಈ ನಕ್ಷೆಯನ್ನು ಓದುವಾಗ ಅದು ಅಳೆಯುವ ಅಂಶ ಯಾವುದು ಎಂಬುದನ್ನು ಮರೆಯಬಾರದು. ಪ್ರತಿ ಚಳಿಗಾಲದ ಅತ್ಯಂತ ತಣ್ಣನೆಯ ಒಂದು ಉಷ್ಣಾಂಶವನ್ನು ತೆಗೆದುಕೊಂಡು, 30 ವರ್ಷಗಳ ಅಂಥ ಅಂಕಿಗಳ ಸರಾಸರಿಯನ್ನು ಅದು ತೋರಿಸುತ್ತದೆ. ಹಲವು ವರ್ಷ ಬದುಕುವ ಹಣ್ಣಿನ ಗಿಡ, ಹೂವಿನ ಪೊದೆಗಳನ್ನು ಆರಿಸಲು ಈ ಮಾಹಿತಿ ಬಹಳ ಉಪಯುಕ್ತ. ಹೊದಿಕೆ ಬೆಳೆಯ ಆಯ್ಕೆಗೆ ಬೇಕಾದ ಮೂರು ಸಂಗತಿಗಳನ್ನು ಅದು ತಿಳಿಸುವುದಿಲ್ಲ.

ಮೊದಲನೆಯದಾಗಿ, ಶರತ್ಕಾಲದ ಮೊದಲ ಮಂಜುಗಡ್ಡೆಯ ದಿನವನ್ನು ನಕ್ಷೆ ಸೂಚಿಸುವುದಿಲ್ಲ. ಜನವರಿಯ ಕನಿಷ್ಠ ಉಷ್ಣಾಂಶ 2 ಡಿಗ್ರಿ ಏರಿತೆಂದರೆ ಸೆಪ್ಟೆಂಬರ್‌ನ ಬಿತ್ತನೆಯ ಅವಧಿ ಅಷ್ಟೇ ವಿಸ್ತರಿಸಿತು ಎಂದರ್ಥವಲ್ಲ. ಉತ್ತರ ಅಕ್ಷಾಂಶಗಳಲ್ಲಿ ಸೆಪ್ಟೆಂಬರ್ ಮಧ್ಯದ ನಂತರ ಹಗಲಿನ ಅವಧಿ ಶೀಘ್ರವಾಗಿ ಕುಗ್ಗುತ್ತದೆ. ಗಾಳಿ ಬೆಚ್ಚಗಿದ್ದರೂ ಬಿಸಿಲು ಸಾಲದೆ ಸಸಿಗಳ ಬೆಳವಣಿಗೆ ಮಂದವಾಗುತ್ತದೆ. ಸೂರ್ಯನ ಈ ಲೆಕ್ಕವನ್ನು ಯಾವ ನಕ್ಷೆಯೂ ಬದಲಿಸಲಾರದು.

ಎರಡನೆಯದಾಗಿ, ಹಿಮದ ಹೊದಿಕೆಯ ವಿಷಯ. ಹಿಮವು ಕಂಬಳಿಯಂತೆ ವರ್ತಿಸಿ ನೆಲದ ಮಟ್ಟದ ಉಷ್ಣಾಂಶವನ್ನು ಗಾಳಿಯ ಉಷ್ಣಾಂಶಕ್ಕಿಂತ ಬಹಳ ಮೇಲೆ ಇರಿಸುತ್ತದೆ. 2023-24ರ ಚಳಿಗಾಲ ಮಿನ್ನೆಸೋಟದ ಅವಳಿ ನಗರಗಳಾದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್‌ಗಳ ದಾಖಲೆಯಲ್ಲಿ ಅತ್ಯಂತ ಬೆಚ್ಚಗಿನದಾಗಿತ್ತು. ಹಿಮವೂ ಬಹಳ ಕಡಿಮೆ ಬಿದ್ದಿತು. ಇಂಥ ವರ್ಷದಲ್ಲಿ ನಡುವೆ ಕೆಲವೇ ದಿನಗಳ ಕಡುಚಳಿ ಬಂದರೂ ಬರಿನೆಲದ ಮೇಲಿನ ಸಸಿಗಳಿಗೆ ಅಪಾಯ ಹೆಚ್ಚು. ಹೀಗಾಗಿ ಸರಾಸರಿಯಲ್ಲಿ ಬೆಚ್ಚಗಾದ ಚಳಿಗಾಲವು ಅರೆಸಹಿಷ್ಣು ಬೆಳೆಗಳಿಗೆ ಎಲ್ಲ ವರ್ಷಗಳಲ್ಲಿಯೂ ಅನುಕೂಲಕರವಾಗಿರುವುದಿಲ್ಲ.

ಮೂರನೆಯದು ತೇವಾಂಶ. 2024ರ ಸೆಪ್ಟೆಂಬರ್ ಮಿನ್ನೆಸೋಟದ ದಾಖಲೆಯಲ್ಲೇ ಅತ್ಯಂತ ಒಣ ಸೆಪ್ಟೆಂಬರ್ ಆಗಿತ್ತು. ಬಿತ್ತನೆಗೆ ಪ್ರಶಸ್ತವಾದ ತಿಂಗಳಿನಲ್ಲೇ ಮಣ್ಣು ಒಣಗಿದರೆ, ಎಷ್ಟೇ ಶೀತಸಹಿಷ್ಣುವಾದ ಬೀಜವೂ ಮೊಳೆಯದೆ ಹಕ್ಕಿಗಳ ಪಾಲಾಗುತ್ತದೆ. ಹೊಲದವರು ಮಳೆಗಾಗಿ ಕಾಯಬೇಕು. ಕೈತೋಟದವರು ನೀರು ಹಾಯಿಸಬಲ್ಲರು. ಈ ಅನುಕೂಲವನ್ನು ಅವರು ತಪ್ಪದೆ ಬಳಸಿಕೊಳ್ಳಬೇಕು.

ಆದ್ದರಿಂದ ನಕ್ಷೆಯನ್ನು ಒಂದು ಹಿನ್ನೆಲೆಯ ಮಾಹಿತಿಯಾಗಿ ಇಟ್ಟುಕೊಂಡು, ಆಯ್ಕೆಯನ್ನು ಎರಡು ಪ್ರಶ್ನೆಗಳ ಮೇಲೆ ಆಧರಿಸುವುದು ಸೂಕ್ತ. ಪಾತಿ ಯಾವ ದಿನ ಖಾಲಿಯಾಗುತ್ತದೆ? ಮುಂದಿನ ವಸಂತದಲ್ಲಿ ಅದೇ ಪಾತಿಯಲ್ಲಿ ಯಾವ ಬೆಳೆ, ಯಾವಾಗ ಬರಲಿದೆ?

ಲಭ್ಯವಿರುವ ಆಯ್ಕೆಗಳು

ಶೀತ ವಲಯದ ಹೊದಿಕೆ ಬೆಳೆಗಳನ್ನು ಚಳಿಗೆ ಸಾಯುವವು ಮತ್ತು ಚಳಿಗಾಲವನ್ನು ದಾಟಿ ವಸಂತದಲ್ಲಿ ಮತ್ತೆ ಚಿಗುರುವವು ಎಂದು ಎರಡು ಗುಂಪುಗಳಾಗಿ ವಿಂಗಡಿಸಬಹುದು. ಈ ವಿಂಗಡಣೆಯೇ ತೋಟಗಾರನ ವಸಂತದ ಕೆಲಸದ ಪ್ರಮಾಣವನ್ನು ನಿರ್ಧರಿಸುತ್ತದೆ.

ಚಳಿಗಾಲದ ರೈ: ಗೋಧಿಯನ್ನು ಹೋಲುವ ಏಕದಳ ಧಾನ್ಯ. ಮಣ್ಣಿನ ಉಷ್ಣಾಂಶ 1 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೂ ಮೊಳೆಯುತ್ತದೆ. 3ರಿಂದ 4 ಡಿಗ್ರಿಯಲ್ಲಿಯೂ ನಿಧಾನವಾಗಿ ಬೆಳೆಯುತ್ತದೆ. ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿನ ಚಳಿಯನ್ನೂ ತಾಳಬಲ್ಲದು. ದಟ್ಟವಾದ ಬೇರಿನ ಜಾಲದಿಂದ ಉಳಿಕೆ ನೈಟ್ರೇಟನ್ನು ಹಿಡಿಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಕಳೆಗಳನ್ನೂ ಚೆನ್ನಾಗಿ ಅದುಮುತ್ತದೆ. ಹುಲ್ಲುಹಾಸಿಗೆ ಬಳಸುವ ರೈಗ್ರಾಸ್ ಬೇರೆಯದೇ ಸಸ್ಯ. ಹೆಸರಿನ ಸಾಮ್ಯದಿಂದ ಮೋಸಹೋಗದೆ ಬೀಜದ ಚೀಲವನ್ನು ಪರಿಶೀಲಿಸಿ ಕೊಳ್ಳಬೇಕು. ಕೈಯಿಂದ ಚೆಲ್ಲುವುದಾದರೆ 100 ಚದರ ಮೀಟರಿಗೆ 1ರಿಂದ 1.8 ಕಿಲೋಗ್ರಾಂ ಬೀಜ ಬೇಕಾಗುತ್ತದೆ.

ಓಟ್ಸ್: ತಂಪಿನಲ್ಲಿ ಬೇಗ ಬೆಳೆದು, ಉಷ್ಣಾಂಶ ಶೂನ್ಯಕ್ಕಿಂತ 8 ಡಿಗ್ರಿಯಷ್ಟು ಕೆಳಗಿಳಿದಾಗ ಸಾಯುತ್ತದೆ. ಸತ್ತ ಎಲೆಗಳು ನೆಲದ ಮೇಲೆ ಚಾಪೆಯಂತೆ ಮಲಗಿ ಮಣ್ಣನ್ನು ಕಾಯುತ್ತವೆ. ವಸಂತದಲ್ಲಿ ಕುಂಟೆಯಿಂದ ಬದಿಗೆ ಸರಿಸಿ ನೇರವಾಗಿ ಬಿತ್ತಬಹುದು. ಉಪಯುಕ್ತ ಪ್ರಮಾಣದ ಹಸಿರು ಸಿಗಬೇಕಾದರೆ ಕಡುಚಳಿಗೆ 6ರಿಂದ 8 ವಾರ ಮೊದಲೇ ಬಿತ್ತನೆಯಾಗಿರಬೇಕು. ಬೀಜದ ಪ್ರಮಾಣ 100 ಚದರ ಮೀಟರಿಗೆ 1.2ರಿಂದ 1.6 ಕಿಲೋಗ್ರಾಂ. ಇದರೊಡನೆ ಬಟಾಣಿಯನ್ನು ಬೆರೆಸಿದರೆ ಸ್ವಲ್ಪ ಸಾರಜನಕವೂ ಸೇರುತ್ತದೆ, ಬಟಾಣಿಯ ಬಳ್ಳಿಗೆ ಓಟ್ಸ್ ಆಸರೆಯೂ ಆಗುತ್ತದೆ.

ಎಣ್ಣೆ ಮೂಲಂಗಿ: ದಪ್ಪನೆಯ ಬೇರನ್ನು ಆಳಕ್ಕಿಳಿಸಿ ಗಟ್ಟಿ ಮಣ್ಣನ್ನು ಸಡಿಲಗೊಳಿಸುತ್ತದೆ. ಆಗಸ್ಟ್ ತಿಂಗಳಲ್ಲಿಯೇ ಬಿತ್ತಬೇಕು. 100 ಚದರ ಮೀಟರಿಗೆ 110ರಿಂದ 220 ಗ್ರಾಂ ಬೀಜ ಸಾಕು. ಚಳಿಗೆ ಸತ್ತ ಬೇರುಗಳು ಹಿಮ ಕರಗುವಾಗ ಕೊಳೆತು ದುರ್ವಾಸನೆ ಬೀರುವುದುಂಟು. ಇದಕ್ಕಿಂತ ಮುಖ್ಯವಾದ ದೋಷವೆಂದರೆ, ಮೂಲಂಗಿಯ ಶೇಷ ಬಹಳ ಬೇಗ ಕೊಳೆಯುವುದರಿಂದ ಹಿಡಿದಿಟ್ಟ ನೈಟ್ರೇಟ್ ಮುಂದಿನ ಬೆಳೆ ಬೇರೂರುವ ಮೊದಲೇ ಬಿಡುಗಡೆಯಾಗಿ ಬಸಿದುಹೋಗಬಹುದು. ಓಟ್ಸ್‌ನೊಡನೆ ಬೆರೆಸಿ ಬಿತ್ತಿದರೆ ಈ ದೋಷ ತಗ್ಗುತ್ತದೆ. ಕೋಸು, ಹೂಕೋಸು ಬೆಳೆಯುವ ಪಾತಿಗಳಲ್ಲಿ ಇದನ್ನು ಹಾಕಬಾರದು; ಒಂದೇ ಕುಟುಂಬದ ಸಸ್ಯಗಳಾದುದರಿಂದ ಕ್ಲಬ್‌ರೂಟ್ ಎಂಬ ಬೇರು ಊದುವ ರೋಗವು ಮಣ್ಣಿನಲ್ಲಿ ಮುಂದುವರಿಯುತ್ತದೆ.

ಹೇರಿ ವೆಚ್: ಚಳಿಗಾಲ ದಾಟಬಲ್ಲ ದ್ವಿದಳ ಬಳ್ಳಿ. ಹಿಮದ ಹೊದಿಕೆಯಿದ್ದರೆ 4ನೆಯ ವಲಯದಲ್ಲಿಯೂ ಉಳಿಯುತ್ತದೆ. ಬೇರಿನ ಗಂಟುಗಳಲ್ಲಿ ವಾತಾವರಣದ ಸಾರಜನಕವನ್ನು ಸ್ಥಿರೀಕರಿಸುವುದರಿಂದ ಮುಂದಿನ ಬೆಳೆಗೆ ಗೊಬ್ಬರದ ಖರ್ಚು ಉಳಿಯುತ್ತದೆ. ಬಟಾಣಿ ಮತ್ತು ವೆಚ್‌ಗೆ ಹೊಂದುವ ರೈಜೋಬಿಯಂ ಅಣುಜೀವಿ ಗೊಬ್ಬರದಿಂದ ಬೀಜೋಪಚಾರ ಮಾಡುವುದು ಅಗತ್ಯ. ಬೀಜ 100 ಚದರ ಮೀಟರಿಗೆ 300ರಿಂದ 450 ಗ್ರಾಂ. ಇದರ ಪೂರ್ಣ ಪ್ರಯೋಜನ ಹೂಬಿಡುವ ಹಂತದಲ್ಲಿ, ಅಂದರೆ ಜೂನ್ ತಿಂಗಳಲ್ಲಿ ದೊರೆಯುತ್ತದೆ. ಮೇ ತಿಂಗಳಲ್ಲಿ ಪಾತಿ ಬೇಕಾದವರಿಗೆ ಇದು ಹೊಂದುವುದಿಲ್ಲ. ಗಟ್ಟಿ ಸಿಪ್ಪೆಯ ಬೀಜಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು ಕಳೆಯಾಗುವ ಸಂಭವವಿರುವುದರಿಂದ ಕಾಯಿ ಕಟ್ಟುವ ಮೊದಲೇ ಕತ್ತರಿಸಬೇಕು.

ಕಡುಗೆಂಪು ಹೂವಿನ ಕ್ರಿಮ್ಸನ್ ಕ್ಲೋವರ್ ಬೀಜದ ಪಟ್ಟಿಗಳಲ್ಲಿ ಆಕರ್ಷಕವಾಗಿ ಕಾಣುತ್ತದೆ. ಅದು ದಕ್ಷಿಣದ ರಾಜ್ಯಗಳಲ್ಲಿ ಚಳಿಗಾಲ ದಾಟುವ ಬೆಳೆ. ಮಿನ್ನೆಸೋಟದಲ್ಲಿ ಹೊಸ ನಕ್ಷೆಯ ಪ್ರಕಾರವೂ ಅದು ಉಳಿಯುವ ಭರವಸೆಯಿಲ್ಲ. ಬಕ್‌ವೀಟ್ ಬೇಸಿಗೆಯ ಖಾಲಿ ಪಾತಿಗೆ ಒಳ್ಳೆಯದು. ಮೊದಲ ಮಂಜುಗಡ್ಡೆಗೇ ಸಾಯುವುದರಿಂದ ಶರತ್ಕಾಲದ ಹೊದಿಕೆಯೆಂದು ಅದನ್ನು ನಂಬಲಾಗದು.

ದಿನಾಂಕದ ಪ್ರಕಾರ ನಿರ್ಧಾರ

ಮಿನ್ನೆಸೋಟದ ದಕ್ಷಿಣಾರ್ಧಕ್ಕೆ ಅನ್ವಯಿಸುವ ಸಾಮಾನ್ಯ ಮಾರ್ಗಸೂಚಿ ಹೀಗಿದೆ. ಉತ್ತರ ಭಾಗದವರು ಪ್ರತಿ ದಿನಾಂಕವನ್ನೂ 10ರಿಂದ 14 ದಿನ ಹಿಂದಕ್ಕೆ ತಂದುಕೊಳ್ಳಬೇಕು.

1. ಆಗಸ್ಟ್ 20ರೊಳಗೆ ಖಾಲಿಯಾಗುವ ಪಾತಿ: ಓಟ್ಸ್ ಮತ್ತು ಬಟಾಣಿ, ಅಥವಾ ಓಟ್ಸ್ ಮತ್ತು ಮೂಲಂಗಿ, ಅಥವಾ ಹೇರಿ ವೆಚ್. ಎಲ್ಲ ಆಯ್ಕೆಗಳೂ ತೆರೆದಿರುತ್ತವೆ.

2. ಆಗಸ್ಟ್ 20ರಿಂದ ಸೆಪ್ಟೆಂಬರ್ 10: ಓಟ್ಸ್ ಮಾತ್ರ, ಅಥವಾ ರೈ ಜೊತೆಗೆ ಹೇರಿ ವೆಚ್. ಮೂಲಂಗಿ ಹಾಗೂ ಬಟಾಣಿಯ ಕಾಲ ಮೀರಿರುತ್ತದೆ.

3. ಸೆಪ್ಟೆಂಬರ್ 10ರಿಂದ ಅಕ್ಟೋಬರ್ ಮೊದಲ ವಾರ: ಚಳಿಗಾಲದ ರೈ ಮಾತ್ರ. ಅಕ್ಟೋಬರ್ ಮಧ್ಯದವರೆಗೂ ರೈ ಮೊಳೆಯಬಹುದು. ಆದರೆ ಚಳಿಗಾಲಕ್ಕೆ ಮುನ್ನ ನೆಲವನ್ನು ಮುಚ್ಚುವಷ್ಟು ಬೆಳೆಯುವುದಿಲ್ಲ.

4. ಅನಂತರ: ಬೀಜಕ್ಕೆ ಹಣ ಹಾಕದೆ, ಒಣಗಿದ ಎಲೆ ಅಥವಾ ಒಣಹುಲ್ಲನ್ನು 10 ಸೆಂಟಿಮೀಟರ್ ದಪ್ಪಕ್ಕೆ ಹರಡಬೇಕು. ಜೀವಂತ ಬೇರಿನ ಪ್ರಯೋಜನ ಇದರಿಂದ ಸಿಗದು. ಮಣ್ಣಿನ ಸವಕಳಿಯಂತೂ ತಪ್ಪುತ್ತದೆ.

ಬೀಜ ಚೆಲ್ಲುವ ಮೊದಲು ಪಾತಿಯ ಕಸಕಡ್ಡಿಯನ್ನು ತೆಗೆದು, ಮೇಲ್ಪದರವನ್ನು ಕುಂಟೆಯಿಂದ ಕೆದಕಬೇಕು. ಚೆಲ್ಲಿದ ಬಳಿಕ ಬೀಜವನ್ನು 2ರಿಂದ 3 ಸೆಂಟಿಮೀಟರ್ ಮಣ್ಣಿನಿಂದ ಮುಚ್ಚಿ, ಮೊಳೆಯುವವರೆಗೂ ತೇವವನ್ನು ಕಾಯ್ದುಕೊಳ್ಳಬೇಕು. ಈ ಹೊದಿಕೆ ಬೆಳೆಗೆ ಪ್ರತ್ಯೇಕವಾಗಿ ಗೊಬ್ಬರ ಕೊಡುವ ಅಗತ್ಯವಿಲ್ಲ. ಉಳಿದುಹೋದ ಗೊಬ್ಬರವನ್ನು ಹಿಡಿಯುವುದೇ ಅದರ ಕೆಲಸ.

ವಸಂತದ ಹೊಣೆ

ಹೊದಿಕೆ ಬೆಳೆಯನ್ನು ಬಿತ್ತುವುದು ಸುಲಭ, ಕೊನೆಗಾಣಿಸುವುದು ಕಷ್ಟ. ರೈ ವಿಷಯದಲ್ಲಿ ಈ ಮಾತು ವಿಶೇಷವಾಗಿ ನಿಜ. ಏಪ್ರಿಲ್ ಕೊನೆಯಲ್ಲಿ ಗೇಣುದ್ದವಿದ್ದ ರೈ ಮೇ ಕೊನೆಯ ವೇಳೆಗೆ ಎದೆಯುದ್ದವಾಗಿ ನಿಂತಿರುತ್ತದೆ. ಸಲಿಕೆಯೊಂದನ್ನೇ ನಂಬಿದ ತೋಟಗಾರನಿಗೆ ಆ ಹಂತದಲ್ಲಿ ಅದನ್ನು ಮಣ್ಣಿಗೆ ಸೇರಿಸಲು ಸಾಧ್ಯವಾಗದು.

ಇಲ್ಲಿ ಇಂಗಾಲ ಮತ್ತು ಸಾರಜನಕದ ಅನುಪಾತವನ್ನು ಅರಿತಿರಬೇಕು. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಸುಮಾರು 24:1 ಅನುಪಾತದ ಆಹಾರ ಸಮತೋಲಿತವಾದುದು. ಹೇರಿ ವೆಚ್‌ನಲ್ಲಿ ಇದು ಸುಮಾರು 11:1. ಆದ್ದರಿಂದ ಅದು ಬೇಗ ಕೊಳೆತು ಸಾರಜನಕವನ್ನು ಬಿಟ್ಟುಕೊಡುತ್ತದೆ. ಎಳೆಯ ರೈನಲ್ಲಿ ಸುಮಾರು 26:1 ಇರುವ ಅನುಪಾತ ಹೂಬಿಡುವಾಗ 37:1ಕ್ಕೆ ಏರಿ, ಒಣಹುಲ್ಲಿನ ಹಂತದಲ್ಲಿ 80:1ನ್ನೂ ದಾಟುತ್ತದೆ. ಬಲಿತ ರೈಯನ್ನು ಮಣ್ಣಿಗೆ ಸೇರಿಸಿದರೆ, ಅದನ್ನು ಕೊಳೆಸಲು ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನೇ ಬಳಸಿಕೊಳ್ಳುತ್ತವೆ. ಮುಖ್ಯ ಬೆಳೆ ಹಳದಿಯಾಗಿ ಸೊರಗುತ್ತದೆ.

ದೊಡ್ಡ ಹೊಲಗಳಲ್ಲಿ ಇದರ ಪರಿಣಾಮ ಈಗ ಅಳತೆಗೆ ಸಿಕ್ಕಿದೆ. ಅಮೆರಿಕದ ಮೆಕ್ಕೆಜೋಳದ ಪ್ರದೇಶದ ಹೊಲಗಳನ್ನು ಉಪಗ್ರಹ ಮಾಹಿತಿಯ ಮೂಲಕ ಅಧ್ಯಯನ ಮಾಡಿದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಹೊದಿಕೆ ಬೆಳೆ ಹಾಕಿದ ಹೊಲಗಳಲ್ಲಿ ಮೆಕ್ಕೆಜೋಳದ ಇಳುವರಿ ಸರಾಸರಿ ಶೇ. 5.5ರಷ್ಟೂ ಸೋಯಾ ಇಳುವರಿ ಶೇ. 3.5ರಷ್ಟೂ ಕಡಿಮೆಯಾದುದನ್ನು ವರದಿ ಮಾಡಿದ್ದಾರೆ. ಹೊದಿಕೆ ಬೆಳೆಯಿಂದ ಮೊದಲ ವರ್ಷವೇ ಲಾಭ ಎಂಬ ಪ್ರಚಾರಕ್ಕೆ ಈ ಅಂಕಿಗಳು ಕಡಿವಾಣ ಹಾಕಿವೆ. ಇವನ್ನು ಹೊದಿಕೆ ಬೆಳೆಯ ವಿರುದ್ಧದ ತೀರ್ಪೆಂದು ಓದಬೇಕಾಗಿಲ್ಲ. ಸಾರಜನಕವನ್ನು ಬಹಳವಾಗಿ ಬಯಸುವ ಮೆಕ್ಕೆಜೋಳದ ಮುಂದೆ ಸಾರಜನಕವನ್ನು ಹಿಡಿದಿಡುವ ಏಕದಳ ಬೆಳೆ ಬಂದರೆ ಪೈಪೋಟಿ ಸಹಜ. ನೀರು ಕಡಿಮೆಯಿರುವ ವಸಂತದಲ್ಲಿ ತೇವಾಂಶಕ್ಕೂ ಪೈಪೋಟಿ ನಡೆಯುತ್ತದೆ. ಯಾವ ಬೆಳೆಯ ಮುಂದೆ ಯಾವ ಹೊದಿಕೆ ಎಂಬ ಜೋಡಣೆ ಸರಿಯಿಲ್ಲದಿದ್ದರೆ ಮಣ್ಣಿಗೆ ಒಳಿತಾದರೂ ಬುಟ್ಟಿಗೆ ನಷ್ಟವಾಗುತ್ತದೆ ಎಂಬುದೇ ಇದರ ಪಾಠ.

ಕೈತೋಟದಲ್ಲಿ ಈ ನಷ್ಟವನ್ನು ತಪ್ಪಿಸಲು ಮೂರು ದಾರಿಗಳಿವೆ. ಒಂದು, ರೈ 15ರಿಂದ 20 ಸೆಂಟಿಮೀಟರ್ ಎತ್ತರವಿರುವಾಗಲೇ ಮಣ್ಣಿಗೆ ಮಗುಚಿ, 2ರಿಂದ 3 ವಾರ ಬಿಟ್ಟು ನಾಟಿ ಮಾಡುವುದು. ರೈ ಬಿಡುಗಡೆ ಮಾಡುವ ರಾಸಾಯನಿಕಗಳು ಸಣ್ಣ ಬೀಜಗಳ ಮೊಳಕೆಯನ್ನು ತಡೆಯುವುದರಿಂದ ಈ ಅಂತರ ಅನಿವಾರ್ಯ. ಗಜ್ಜರಿ, ಸೊಪ್ಪುಗಳನ್ನು ನೇರ ಬಿತ್ತುವ ಪಾತಿಗೆ ರೈ ಹಾಕದಿರುವುದೇ ಕ್ಷೇಮ. ಎರಡು, ರೈ ಹೂಬಿಡುವವರೆಗೆ ಕಾದು, ಬುಡದಲ್ಲಿ ಕತ್ತರಿಸಿ ಅಲ್ಲಿಯೇ ಹಾಸಿ, ನಡುವೆ ಕುಂಬಳ ಅಥವಾ ಟೊಮ್ಯಾಟೊ ಸಸಿಗಳನ್ನು ಸ್ವಲ್ಪ ಗೊಬ್ಬರದೊಡನೆ ನೆಡುವುದು. ಹೂಬಿಡುವ ಮುನ್ನ ಕತ್ತರಿಸಿದರೆ ರೈ ಮತ್ತೆ ಚಿಗುರುತ್ತದೆ. ಮೂರು, ಮಗುಚಲು ಶಕ್ತಿಯಿಲ್ಲದವರು ಕತ್ತರಿಸಿದ ರೈ ಮೇಲೆ ಬೆಳಕು ಹೋಗದ ಕಪ್ಪು ಟಾರ್ಪಾಲನ್ನು 3ರಿಂದ 4 ವಾರ ಹೊದಿಸುವುದು.

ಧನಸಹಾಯದ ಏರಿಳಿತ

ಅಮೆರಿಕದ ಕೃಷಿ ಗಣತಿಯ ಪ್ರಕಾರ ಹೊದಿಕೆ ಬೆಳೆಯ ವಿಸ್ತೀರ್ಣ 2012ರಲ್ಲಿ ಸುಮಾರು 1.03 ಕೋಟಿ ಎಕರೆ, 2017ರಲ್ಲಿ 1.54 ಕೋಟಿ ಎಕರೆ, 2022ರಲ್ಲಿ 1.8 ಕೋಟಿ ಎಕರೆ. ಏರಿಕೆ ನಿರಂತರವಾಗಿದ್ದರೂ ಅದರ ವೇಗ ತಗ್ಗಿದೆ: ಮೊದಲ 5 ವರ್ಷಗಳಲ್ಲಿ ಶೇ. 50ರಷ್ಟಿದ್ದ ಬೆಳವಣಿಗೆ ನಂತರದ 5 ವರ್ಷಗಳಲ್ಲಿ ಶೇ. 17ಕ್ಕೆ ಇಳಿಯಿತು. ದೇಶದ ಒಟ್ಟು ಸಾಗುವಳಿ ಭೂಮಿಗೆ ಹೋಲಿಸಿದರೆ ಇದು ಶೇ. 5ರಷ್ಟೂ ಆಗದು.

2022ರ ಹಣದುಬ್ಬರ ನಿಯಂತ್ರಣ ಕಾಯಿದೆಯು ಮಣ್ಣು-ನೀರಿನ ಸಂರಕ್ಷಣಾ ಯೋಜನೆಗಳಿಗೆ ಸುಮಾರು 1,950 ಕೋಟಿ ಡಾಲರ್ ಹೆಚ್ಚುವರಿ ಅನುದಾನ ನೀಡಿತು. ಅದೇ ವರ್ಷ ಕೃಷಿ ಇಲಾಖೆಯು ಹವಾಮಾನಸ್ನೇಹಿ ಉತ್ಪನ್ನಗಳಿಗಾಗಿ 310 ಕೋಟಿ ಡಾಲರ್‌ಗಳ ಪ್ರತ್ಯೇಕ ಪಾಲುದಾರಿಕೆ ಯೋಜನೆಯನ್ನೂ ಆರಂಭಿಸಿತು. ಸರ್ಕಾರ ಬದಲಾದ ಬಳಿಕ, 2025ರ ಏಪ್ರಿಲ್‌ನಲ್ಲಿ ಈ ಎರಡನೆಯ ಯೋಜನೆ ರದ್ದಾಯಿತು. ಧನಸಹಾಯವನ್ನು ನಂಬಿ ಬೀಜ ಮತ್ತು ಯಂತ್ರಕ್ಕೆ ಹಣ ಹೂಡಿದ ರೈತನಿಗೆ ಇಂಥ ಏರಿಳಿತ ದೊಡ್ಡ ಪೆಟ್ಟು. ಹೊದಿಕೆ ಬೆಳೆಯ ಫಲ ಮಣ್ಣಿನಲ್ಲಿ ಕಾಣಿಸಿಕೊಳ್ಳಲು ಹಲವು ವರ್ಷ ಬೇಕು. ಅನುದಾನದ ಆಯುಸ್ಸು ಮಾತ್ರ ಚುನಾವಣೆಯಿಂದ ಚುನಾವಣೆಗೆ ಎಣಿಕೆಯಾಗುತ್ತದೆ. ಈ ಎರಡು ಕಾಲಮಾನಗಳು ಹೊಂದದಿರುವುದೇ ವಿಸ್ತೀರ್ಣದ ಬೆಳವಣಿಗೆ ಕುಂಠಿತವಾಗಿರುವುದಕ್ಕೆ ಒಂದು ಕಾರಣವೆಂದು ತರ್ಕಿಸಬಹುದು.

ಕೈತೋಟಗಾರ ಈ ಅನಿಶ್ಚಿತತೆಯಿಂದ ಬಹುಮಟ್ಟಿಗೆ ಮುಕ್ತ. ಅವನಿಗೆ ಬೇಕಾದುದು ಕೆಲವು ಕಿಲೋಗ್ರಾಂ ಬೀಜ, ಒಂದು ಕುಂಟೆ ಮತ್ತು ಸರಿಯಾದ ದಿನಾಂಕ. ಹೊಲದವನಿಗಿಲ್ಲದ ಮತ್ತೊಂದು ಸೌಲಭ್ಯವೂ ಅವನಿಗುಂಟು: ಪ್ರತಿ ಪಾತಿಗೂ ಬೇರೆ ಬೇರೆ ಹೊದಿಕೆಯನ್ನು ಆರಿಸುವ ಸ್ವಾತಂತ್ರ್ಯ.

ಅಲ್ಲಿನ ಕನ್ನಡಿಗರ ಹಿತ್ತಲು

ಈ ಸ್ವಾತಂತ್ರ್ಯ ಅಲ್ಲಿ ನೆಲೆಸಿದ ಕನ್ನಡಿಗರಿಗೆ ವಿಶೇಷವಾಗಿ ಅಗತ್ಯ. ಬದನೆ, ಮೆಣಸಿನಕಾಯಿ, ಬೆಂಡೆ, ಹೀರೆ, ಅವರೆ ಇವೆಲ್ಲ ಉಷ್ಣ ಬಯಸುವ ಬೆಳೆಗಳು. ಮಿನ್ನೆಸೋಟದ ಚಿಕ್ಕ ಬೇಸಿಗೆಯಲ್ಲಿ ಇವು ಫಲಕ್ಕೆ ಬರುವುದೇ ಆಗಸ್ಟ್ ಕೊನೆಗೆ. ಮೊದಲ ಮಂಜುಗಡ್ಡೆಯವರೆಗೂ ಗಿಡ ಕೀಳಲು ಯಾರಿಗೂ ಮನಸ್ಸು ಬಾರದು. ಪರಿಣಾಮವಾಗಿ ಪಾತಿ ಖಾಲಿಯಾಗುವಾಗ ಅಕ್ಟೋಬರ್ ಬಂದಿರುತ್ತದೆ. ರೈ ಒಂದನ್ನು ಬಿಟ್ಟರೆ ಬೇರೆ ದಾರಿಯಿರುವುದಿಲ್ಲ.

ಇದಕ್ಕೆ ಎರಡು ಪರಿಹಾರಗಳಿವೆ. ಮೆಂತ್ಯ, ಕೊತ್ತಂಬರಿ, ಮೂಲಂಗಿಯಂಥ ಅಲ್ಪಾವಧಿ ಬೆಳೆಗಳನ್ನು ಒಂದೇ ಕಡೆ ಒಟ್ಟುಗೂಡಿಸಿದರೆ, ತೋಟದ ಮೂರನೆಯ ಒಂದು ಭಾಗವಾದರೂ ಆಗಸ್ಟ್ ಮಧ್ಯಕ್ಕೆ ಖಾಲಿಯಾಗಿ ಓಟ್ಸ್-ಬಟಾಣಿಗೆ ದೊರೆಯುತ್ತದೆ. ಮರು ವರ್ಷ ಅದೇ ಜಾಗಕ್ಕೆ ಸೊಪ್ಪುಗಳನ್ನು ಬೇಗನೆ ಬಿತ್ತಬಹುದು. ಬದನೆ-ಮೆಣಸಿನ ಪಾತಿಗಳಲ್ಲಿ ಸೆಪ್ಟೆಂಬರ್ ಮಧ್ಯದಲ್ಲಿ, ಗಿಡಗಳು ನಿಂತಿರುವಾಗಲೇ, ಸಾಲುಗಳ ನಡುವೆ ರೈ ಬೀಜವನ್ನು ಚೆಲ್ಲಿ ಕುಂಟೆಯಾಡಿಸಬಹುದು. ಮಂಜುಗಡ್ಡೆ ಬಿದ್ದ ಬಳಿಕ ಗಿಡಗಳನ್ನು ಕೀಳದೆ ಬುಡದಲ್ಲಿ ಕತ್ತರಿಸಿದರೆ, ಮೂರು ವಾರ ಮುಂಚಿತವಾಗಿ ಮೊಳೆತ ರೈ ಬಿಸಿಲಿಗೆ ತೆರೆದುಕೊಂಡು ನೆಲವನ್ನು ಮುಚ್ಚುತ್ತದೆ. ಬಿತ್ತನೆಯ ಕಾಲದಲ್ಲಿ ಈ 3 ವಾರಗಳ ಬೆಲೆ ನಕ್ಷೆಯ ಅರ್ಧ ವಲಯಕ್ಕಿಂತ ಹೆಚ್ಚಿನದು.

ಕರ್ನಾಟಕದ ರೈತರಿಗೆ ಇದರಲ್ಲಿರುವ ತಿಳಿವು

ನಮ್ಮಲ್ಲಿ ಮಣ್ಣನ್ನು ಬರಿದಾಗಿ ಬಿಡುವ ಕಾಲ ಬೇರೆ, ಕಾರಣವೂ ಬೇರೆ. ದಕ್ಷಿಣದ ಒಣಬೇಸಾಯ ಪ್ರದೇಶದಲ್ಲಿ ರಾಗಿ ಕೊಯ್ಲಿನ ನಂತರ ಮುಂಗಾರುಪೂರ್ವ ಮಳೆಯವರೆಗೆ ನೆಲ ಖಾಲಿಯಿರುತ್ತದೆ; ಏಪ್ರಿಲ್-ಮೇ ತಿಂಗಳ ಬಿರುಮಳೆ ಈ ಬರಿನೆಲದ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಅಲ್ಲಿ ಚಳಿ ವಿಧಿಸುವ ಮಿತಿಯನ್ನು ಇಲ್ಲಿ ನೀರಿನ ಕೊರತೆ ವಿಧಿಸುತ್ತದೆ. ಆದರೂ ಆಯ್ಕೆಯ ತತ್ವ ಒಂದೇ. ಸೆಣಬು, ಡಯಾಂಚಗಳನ್ನು 45ರಿಂದ 50 ದಿನಗಳಲ್ಲಿ, ಹೂಬಿಡುವ ಹಂತಕ್ಕೆ ಬರುತ್ತಿದ್ದಂತೆ ಮಣ್ಣಿಗೆ ಸೇರಿಸಬೇಕೆಂಬ ಶಿಫಾರಸಿನ ಹಿಂದೆ ಇರುವುದೂ ಮೇಲೆ ವಿವರಿಸಿದ ಇಂಗಾಲ-ಸಾರಜನಕದ ಲೆಕ್ಕವೇ. ಕಾಂಡ ಬಲಿತು ನಾರಾದ ಮೇಲೆ ಸೇರಿಸಿದರೆ ಭತ್ತಕ್ಕೆ ಸಿಗಬೇಕಾದ ಸಾರಜನಕ ಕೊಳೆಯುವ ಕೆಲಸದಲ್ಲೇ ಸಿಕ್ಕಿಕೊಳ್ಳುತ್ತದೆ. ರಾಗಿಯೊಡನೆ ಅವರೆ, ತೊಗರಿಗಳನ್ನು ಅಕ್ಕಡಿ ಸಾಲಾಗಿ ಬಿತ್ತುವ ನಮ್ಮ ಹಿರಿಯರ ಪದ್ಧತಿಯೂ, ಮಳೆ ತಡವಾದ ವರ್ಷ ಹುರುಳಿ ಚೆಲ್ಲಿ ನೆಲ ಮುಚ್ಚುವ ರೂಢಿಯೂ ದಿನಾಂಕ ನೋಡಿ ಬೆಳೆ ಆರಿಸುವ ಇದೇ ವಿವೇಕದಿಂದ ಹುಟ್ಟಿದವು.

ಮುಖ್ಯ ಸಲಹೆಗಳು

1. ಶೀತಸಹಿಷ್ಣು ವಲಯದ ನಕ್ಷೆಯನ್ನು ಬಹುವಾರ್ಷಿಕ ಸಸ್ಯಗಳ ಆಯ್ಕೆಗೆ ಬಳಸಿರಿ. ಹೊದಿಕೆ ಬೆಳೆಗೆ ನಿಮ್ಮ ಊರಿನ ಮೊದಲ ಮಂಜುಗಡ್ಡೆಯ ಸರಾಸರಿ ದಿನಾಂಕವನ್ನು ಆಧಾರವಾಗಿ ಇಟ್ಟುಕೊಳ್ಳಿರಿ.

2. ಜುಲೈ ತಿಂಗಳಲ್ಲಿಯೇ ಪಾತಿಗಳ ಪಟ್ಟಿ ಮಾಡಿ, ಪ್ರತಿಯೊಂದೂ ಖಾಲಿಯಾಗುವ ದಿನವನ್ನೂ ಮುಂದಿನ ವಸಂತದ ಬೆಳೆಯನ್ನೂ ಬರೆದಿಡಿರಿ. ಬೀಜವನ್ನು ಆಗಸ್ಟ್ ಆರಂಭದೊಳಗೆ ತಂದಿಟ್ಟುಕೊಳ್ಳಿರಿ.

3. ವಸಂತದಲ್ಲಿ ಬೇಗ ಬಿತ್ತುವ ಪಾತಿಗೆ ಚಳಿಗೆ ಸಾಯುವ ಓಟ್ಸ್. ತಡವಾಗಿ ಸಸಿ ನೆಡುವ ಪಾತಿಗೆ ರೈ ಅಥವಾ ವೆಚ್.

4. ಕೈ ಉಪಕರಣಗಳಷ್ಟೇ ಇರುವವರು ಇಡೀ ತೋಟಕ್ಕೆ ರೈ ಹಾಕಬೇಡಿರಿ. ಮೊದಲ ವರ್ಷ ಒಂದು ಪಾತಿಯಲ್ಲಿ ಮಾತ್ರ ಪ್ರಯೋಗಿಸಿರಿ.

5. ಸೆಪ್ಟೆಂಬರ್ ಒಣಗಿದ್ದರೆ ಬಿತ್ತಿದ ಪಾತಿಗೆ ಎರಡು ವಾರ ನೀರು ಕೊಡಿರಿ.

6. ಸ್ವಂತ ಕೊಳವೆಬಾವಿಯಿದ್ದರೆ ವರ್ಷಕ್ಕೊಮ್ಮೆ ನೈಟ್ರೇಟ್ ಪರೀಕ್ಷೆ ಮಾಡಿಸಿರಿ. ಮನೆಯಲ್ಲಿ ಹಸುಳೆಯಿದ್ದರೆ ಇದನ್ನು ಮುಂದೂಡಬೇಡಿರಿ. ನೀರನ್ನು ಕುದಿಸುವುದರಿಂದ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಂತೆ ಅದರ ಸಾಂದ್ರತೆ ಹೆಚ್ಚುತ್ತದೆ.